ಕಟ್ಟಡದ ಅಂದಾಜಿನಲ್ಲಿ ಮಳೆನೀರಿನ ಲೆಕ್ಕ

ವಿದ್ಯಾಸಂಸ್ಥೆಗಳಿಗೆ ವಯಸ್ಸಾದಂತೆ ಅವು ತಮ್ಮ ಕಟ್ಟಡಗಳನ್ನು ಬದಲಾಯಿಸಿಕೊಳ್ಳಬೇಕಾಗುವುದು ಸಹಜ. ಮಂಗಳೂರು ಹೆಂಚಿನ ಮಾಡು, ಮಣ್ಣಿನ ಅಂಗಳ, ಬೇಲಿಯ ಅಂಚಿಗೆ ಬೇವು ಹೊಂಗೆಗಳ ಸಾಲು, ಇಷ್ಟೇ ಇದ್ದ ಆವರಣದಲ್ಲಿ ಈಗ ಎರಡು ಮೂರು ಅಂತಸ್ತಿನ ಕಾಂಕ್ರೀಟು ಕಟ್ಟಡಗಳೂ ವಾಹನಗಳು ನಿಲ್ಲುವುದಕ್ಕೆ ಕಲ್ಲುಹಾಸಿನ ಅಂಗಳವೂ ಏಳುತ್ತವೆ. ದಾನಿಗಳ ಔದಾರ್ಯದಿಂದಲೂ ಹಳೆಯ ವಿದ್ಯಾರ್ಥಿಗಳ ಅಭಿಮಾನದಿಂದಲೂ ನಿರ್ಮಾಣಗೊಳ್ಳುವ ಇಂಥ ಕಟ್ಟಡಗಳ ಅಂದಾಜುಪಟ್ಟಿಯಲ್ಲಿ ಸಿಮೆಂಟು, ಕಬ್ಬಿಣ, ಜಲ್ಲಿ, ಮರಳು, ಕೂಲಿ ಎಲ್ಲಕ್ಕೂ ಒಂದೊಂದು ಸಾಲು ಇರುತ್ತದೆ. ಆದರೆ ಆ ನೆಲದ ಮೇಲೆ ಬಿದ್ದ ಮಳೆ ಇದುವರೆಗೆ ಎಲ್ಲಿಗೆ ಹೋಗುತ್ತಿತ್ತು, ಕಟ್ಟಡ ಎದ್ದ ಮೇಲೆ ಎಲ್ಲಿಗೆ ಹೋಗುತ್ತದೆ, ಎಷ್ಟು ಹೋಗುತ್ತದೆ, ಎಷ್ಟು ವೇಗದಲ್ಲಿ ಹೋಗುತ್ತದೆ ಎಂಬುದಕ್ಕೆ ಒಂದು ಸಾಲಾದರೂ ಇರುವುದು ಅಪರೂಪ. ಇಲ್ಲದ ಆ ಸಾಲಿನ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆಯುವುದು ಈ ಲೇಖನದ ಉದ್ದೇಶ.

ವ್ಯಾಕರಣ, ಛಂದಸ್ಸುಗಳ ಪಾಠ ಹೇಳುವವನಿಗೆ ಈ ವಿಷಯದಲ್ಲಿ ಅಧಿಕಾರವೇನೆಂದು ವಾಚಕರು ಕೇಳಬಹುದು. ಕಾಲುವೆ ಕೊಳವೆಗಳನ್ನು ರೂಪಿಸುವ ಕೆಲಸ ಎಂಜಿನಿಯರರದೇ ಸರಿ. ಆದರೆ ಅವರು ಮಾಡುವ ಲೆಕ್ಕದ ಮೂಲತತ್ತ್ವವು ಪ್ರೌಢಶಾಲೆಯ ಗುಣಾಕಾರವನ್ನು ಮೀರಿದ್ದಲ್ಲ; ಅದಕ್ಕೆ ಬೇಕಾದ ಮಾತುಗಳೂ ನಮ್ಮ ರೈತಾಪಿ ಜನರ ಬಾಯಲ್ಲಿ ಬಹುಕಾಲದಿಂದ ಇರುವಂಥವೇ. ಹಣ ಕೊಡುವವರು, ಕಟ್ಟಿಸುವವರು, ಆ ಕಟ್ಟಡದಲ್ಲಿ ಪಾಠ ಹೇಳುವವರು ಈ ಲೆಕ್ಕವನ್ನು ತಿಳಿದಿದ್ದರೆ ಸರಿಯಾದ ಪ್ರಶ್ನೆಯನ್ನು ಸಕಾಲದಲ್ಲಿ ಕೇಳಬಲ್ಲರು.

ಬಿದ್ದ ಮಳೆಯ ಗತಿ

ನೆಲಕ್ಕೆ ಬಿದ್ದ ಮಳೆಗೆ ಮುಖ್ಯವಾಗಿ ನಾಲ್ಕು ಗತಿಗಳುಂಟು. ಸ್ವಲ್ಪ ನೀರು ತಗ್ಗುಗಳಲ್ಲಿ ನಿಲ್ಲುತ್ತದೆ; ಸ್ವಲ್ಪ ಮಣ್ಣಿನೊಳಕ್ಕೆ ಇಂಗುತ್ತದೆ; ಸ್ವಲ್ಪ ಎಲೆಗಳ ಮೇಲೂ ನೆಲದ ಮೇಲೂ ಆರಿಹೋಗುತ್ತದೆ; ಮಿಕ್ಕದ್ದು ಇಳಿಜಾರಿನತ್ತ ಹರಿಯುತ್ತದೆ. ಈ ಹರಿದುಹೋಗುವ ಭಾಗವನ್ನು ಇಲ್ಲಿ ‘ಹರಿನೀರು’ ಎಂದು ಕರೆಯೋಣ. ಮಳೆ ಎಷ್ಟು ಬರಬೇಕೆಂಬುದು ನಮ್ಮ ಕೈಯಲ್ಲಿಲ್ಲ. ಆದರೆ ಅದರಲ್ಲಿ ನಿಲ್ಲುವ, ಇಂಗುವ, ಹರಿಯುವ ಪಾಲುಗಳು ಎಷ್ಟೆಷ್ಟೆಂಬುದನ್ನು ನೆಲದ ಹೊದಿಕೆ ನಿರ್ಧರಿಸುತ್ತದೆ. ಆ ಹೊದಿಕೆಯನ್ನು ಬದಲಿಸುವವರು ನಾವು.

ಹುಲ್ಲು, ಗಿಡಮರಗಳಿರುವ ಮಣ್ಣಿನ ನೆಲದಲ್ಲಿ ಮಳೆಯ ಕಾಲುಭಾಗ ಮಾತ್ರ ಹರಿದು, ಉಳಿದದ್ದು ಅಲ್ಲಿಯೇ ಉಳಿಯಬಹುದು. ಕಾಂಕ್ರೀಟಿನ ತಾರಸಿಯ ಮೇಲೆ ಬಿದ್ದ ಮಳೆಯಲ್ಲಾದರೋ ಹತ್ತರಲ್ಲಿ ಒಂಬತ್ತು ಪಾಲು ಹರಿದೇ ತೀರುತ್ತದೆ. ಈ ಪಾಲನ್ನು ದಶಾಂಶದಲ್ಲಿ ಹೇಳಿದರೆ ಅದೇ ‘ಹರಿವಿನ ಗುಣಾಂಕ’. ಒಟ್ಟು ಹರಿನೀರಿನ ಗರಿಷ್ಠ ವೇಗವನ್ನು ತಿಳಿಯಬೇಕಾದರೆ ಗುಣಾಂಕ, ಮಳೆಯ ಬಿರುಸು, ನೆಲದ ವಿಸ್ತೀರ್ಣ ಈ ಮೂರನ್ನೂ ಗುಣಿಸಬೇಕು. ಐರ್ಲೆಂಡಿನ ಎಂಜಿನಿಯರ್ ಥಾಮಸ್ ಮಲ್ವೇನಿ 1850ರ ಸುಮಾರಿಗೆ ಇದರ ತತ್ತ್ವವನ್ನು ಪ್ರತಿಪಾದಿಸಿದನು. ಅಮೆರಿಕದ ರೋಚೆಸ್ಟರ್ ನಗರದ ಚರಂಡಿಗಳನ್ನು ಪರಿಶೀಲಿಸಿದ ಎಮಿಲ್ ಕುಯ್ಕ್ಲಿಂಗ್ 1889ರಲ್ಲಿ ಅದನ್ನು ನಗರಗಳಿಗೆ ಅನ್ವಯಿಸಿದನು. ನದಿಗಳ ಕಣಿವೆಯಂಥ ವಿಶಾಲ ಪ್ರದೇಶಗಳಿಗೆ ಈ ಸರಳ ಸೂತ್ರ ಸಾಲದು. ಕೆಲವು ಎಕರೆಗಳ ನಿವೇಶನಕ್ಕೆ ಇಂದಿಗೂ ಇದು ಬಳಕೆಯಲ್ಲಿದೆ.

ಒಂದು ನಿದರ್ಶನ

ಲೆಕ್ಕವನ್ನು ಸ್ಪಷ್ಟಪಡಿಸಿಕೊಳ್ಳಲು ಒಂದು ಕಲ್ಪಿತ ಶಾಲಾ ಆವರಣವನ್ನು ತೆಗೆದುಕೊಳ್ಳೋಣ. ಅದರ ವಿಸ್ತೀರ್ಣ 4,000 ಚದರ ಮೀಟರ್, ಎಂದರೆ ಸುಮಾರು ಒಂದು ಎಕರೆ. ಇಂದಿನ ಸ್ಥಿತಿಯಲ್ಲಿ ಹೆಂಚಿನ ಮಾಡು 600 ಚದರ ಮೀಟರ್, ಗಟ್ಟಿಯಾಗಿ ತುಳಿದುಹೋದ ದಾರಿ ಹಾಗೂ ಅಂಗಳ 400, ಗಿಡಮರಗಳ ಮಣ್ಣುನೆಲ 3,000. ಇವುಗಳ ಗುಣಾಂಕಗಳು ಅನುಕ್ರಮವಾಗಿ 0.85, 0.60, 0.25 ಎಂದಿಟ್ಟುಕೊಳ್ಳೋಣ. ಛಂದಸ್ಸಿನಲ್ಲಿ ಗುರುವಿಗೆ ಎರಡು, ಲಘುವಿಗೆ ಒಂದು ಮಾತ್ರೆಯೆಂದು ಹಾಕಿ ಪಾದದ ಮೊತ್ತವನ್ನು ಕೂಡುವಂತೆ, ಇಲ್ಲಿ ಒಂದೊಂದು ಹೊದಿಕೆಯ ವಿಸ್ತೀರ್ಣವನ್ನೂ ಅದರದರ ಗುಣಾಂಕದಿಂದ ಗುಣಿಸಿ ಕೂಡಬೇಕು: 510, 240, 750, ಒಟ್ಟು 1,500. ಎಂದರೆ ನೀರನ್ನು ಹರಿಸುವ ಮಟ್ಟಿಗೆ ಈ 4,000 ಚದರ ಮೀಟರ್ ಆವರಣವು ನೀರೇ ಇಂಗದ 1,500 ಚದರ ಮೀಟರ್ ಬಂಡೆಗೆ ಸಮ.

ಹೊಸ ನಕ್ಷೆಯಲ್ಲಿ ಕಾಂಕ್ರೀಟು ತಾರಸಿ 1,600 ಚದರ ಮೀಟರ್, ಕಲ್ಲು ಹಾಗೂ ಸಿಮೆಂಟಿನ ಹಾಸು 1,800, ಉಳಿದ ತೋಟ 600 ಎಂದಿರಲಿ. ಗುಣಾಂಕಗಳು 0.90, 0.80, 0.25. ಗುಣಿಸಿ ಕೂಡಿದರೆ 1,440, 1,440, 150, ಒಟ್ಟು 3,030. ಆವರಣದ ಗಡಿ ಒಂದು ಅಂಗುಲವೂ ಹಿಗ್ಗಲಿಲ್ಲ; ಬಂಡೆ ಮಾತ್ರ ಇಮ್ಮಡಿಯಾಯಿತು.

ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್. ಗಂಟೆಗೆ 60 ಮಿಲಿಮೀಟರ್ ಬಿರುಸಿನ ಮಳೆಯೆಂದರೆ ಚದರ ಮೀಟರಿಗೆ ನಿಮಿಷಕ್ಕೆ ಒಂದು ಲೀಟರ್. ಆದಕಾರಣ ಹಳೆಯ ಆವರಣದಿಂದ ನಿಮಿಷಕ್ಕೆ 1,500 ಲೀಟರ್, ಅಂದರೆ ಸೆಕೆಂಡಿಗೆ 25 ಲೀಟರ್ ಹೊರಬೀಳುತ್ತದೆ. ಹೊಸದರಿಂದ ಸೆಕೆಂಡಿಗೆ 50.5 ಲೀಟರ್. ಈ ಮಳೆ ಒಂದು ಗಂಟೆ ಸುರಿದರೆ ಮೊದಲು 90,000 ಲೀಟರ್ ಹೊರಗೆ ಹೋಗುತ್ತಿದ್ದಲ್ಲಿ ಈಗ 1,81,800 ಲೀಟರ್ ಹೋಗುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ಆವರಣದ ದೂರದ ಮೂಲೆಯಲ್ಲಿ ಬಿದ್ದ ನೀರು ಹೊರಬಾಗಿಲಿಗೆ ಬಂದು ಕೂಡುವುದಕ್ಕೆ ಒಂದಷ್ಟು ಹೊತ್ತು ಬೇಕು. ಹುಲ್ಲು ಮಣ್ಣಿನ ಮೇಲೆ ತಡವರಿಸುತ್ತ ಬರುವ ನೀರಿಗೆ ಆ ಹೊತ್ತು ದೀರ್ಘ. ನುಣುಪಾದ ಹಾಸು, ನೇರವಾದ ಕೊಳವೆಗಳಲ್ಲಿ ಬರುವ ನೀರಿಗೆ ಹ್ರಸ್ವ. ಅಲ್ಪಕಾಲ ಸುರಿಯುವ ಮಳೆಯ ಬಿರುಸು ದೀರ್ಘಕಾಲದ ಮಳೆಯ ಬಿರುಸಿಗಿಂತ ಹೆಚ್ಚಾಗಿರುವುದು ಎಲ್ಲರ ಅನುಭವ. ಕೂಡುವ ಹೊತ್ತು ಕಡಿಮೆಯಾದರೆ ಇಂಥ ಸ್ವಲ್ಪಕಾಲದ ಬಿರುಮಳೆಯೇ ಇಡೀ ಆವರಣದ ನೀರನ್ನು ಒಮ್ಮೆಗೇ ಬಾಗಿಲಿಗೆ ತಂದುಬಿಡುತ್ತದೆ. ಹೊಸ ಆವರಣಕ್ಕೆ ಗಂಟೆಗೆ 90 ಮಿಲಿಮೀಟರಿನ ಬಿರುಸು ಅನ್ವಯಿಸಿದರೆ ಹೊರಬೀಳುವ ನೀರು ಸೆಕೆಂಡಿಗೆ ಸುಮಾರು 76 ಲೀಟರ್, ಹಳೆಯದರ ಮೂರು ಪಟ್ಟು. ಅಲ್ಲದೆ ಮೊದಲು ಬೇಲಿಯ ಉದ್ದಕ್ಕೂ ಚದುರಿ ಹೋಗುತ್ತಿದ್ದ ನೀರು ಈಗ ಒಂದೇ ಕೊಳವೆಯ ಬಾಯಿಂದ ಧುಮುಕುತ್ತದೆ. ಕೆಳಗಿನ ಓಣಿಯ ಮನೆಗಳಿಗೆ ಇದರಿಂದಾಗುವ ವ್ಯತ್ಯಾಸವೇನೆಂಬುದನ್ನು ವಿವರಿಸಬೇಕಾಗಿಲ್ಲ.

ಹಿಂದಿನ ಸ್ಥಿತಿ ಎಂದರೆ ಯಾವುದು?

ಇಲ್ಲಿ ಒಂದು ಸೂಕ್ಷ್ಮವಿದೆ. ಕಟ್ಟುವ ಮೊದಲು, ಕಟ್ಟಿದ ಮೇಲೆ ಎಂದು ಹೋಲಿಸುವಾಗ ‘ಮೊದಲು’ ಎಂಬ ಮಾತಿಗೆ ಯಾವ ಅರ್ಥವನ್ನಿಡಬೇಕು? ನಮ್ಮ ನಿದರ್ಶನದ ಆವರಣವು ಶಾಲೆಯೇ ಇಲ್ಲದಿದ್ದಾಗ ಬರಿಯ ಮಣ್ಣುನೆಲವಾಗಿತ್ತು. ಆಗ ಅದರ ಲೆಕ್ಕ 4,000ಕ್ಕೆ 0.25ರಂತೆ 1,000, ಸೆಕೆಂಡಿಗೆ ಸುಮಾರು 17 ಲೀಟರ್. ಹೆಂಚಿನ ಕಟ್ಟಡ ಬಂದಾಗ ಅದು 25 ಆಯಿತು. ಕಾಂಕ್ರೀಟು ಬಂದಾಗ 50.5. ಮುಂದೆ ಮೂವತ್ತು ನಲವತ್ತು ವರ್ಷಗಳ ತರುವಾಯ ಈ ಕಾಂಕ್ರೀಟನ್ನೂ ಕೆಡವಿ ಮತ್ತೊಂದನ್ನು ಕಟ್ಟುವವರು 50.5ನ್ನೇ ‘ಮೊದಲಿನ ಸ್ಥಿತಿ’ಯೆಂದು ಹಿಡಿದರೆ ಅವರ ಹೋಲಿಕೆಯಲ್ಲಿ ವ್ಯತ್ಯಾಸವೇ ಕಾಣದು. ನೆರೆಯವರಿಗೆ ಒಮ್ಮೆ ಆದ ಹಾನಿ ಹೀಗೆ ಮುಂದಿನವರಿಗೆ ಹಕ್ಕಾಗಿ ಪರಿಣಮಿಸುತ್ತದೆ. ಆದ್ದರಿಂದ ಪುನರ್ನಿರ್ಮಾಣದಲ್ಲಿ ಬರೆದಿಡಬೇಕಾದ ಲೆಕ್ಕಗಳು ಎರಡಲ್ಲ, ಮೂರು: ಮೂಲನೆಲದ್ದು, ಇಂದಿನದು, ನಾಳಿನದು.

ಇಂಗ್ಲೆಂಡಿನ ಸರ್ಕಾರ 2015ರಲ್ಲಿ ಪ್ರಕಟಿಸಿದ ತಾಂತ್ರಿಕ ಮಾನದಂಡಗಳು ಈ ಸೂಕ್ಷ್ಮವನ್ನು ಗಮನಿಸಿದ್ದವು. ಹಿಂದೆ ಕಟ್ಟಡಗಳಿದ್ದ ನಿವೇಶನವನ್ನು ಮತ್ತೆ ಕಟ್ಟುವಾಗ, ಹೊರಹೋಗುವ ನೀರಿನ ಗರಿಷ್ಠ ವೇಗವು ಸಾಧ್ಯವಾದಮಟ್ಟಿಗೆ ಬಯಲುನೆಲದ ವೇಗಕ್ಕೆ ಸಮೀಪವಾಗಿರಬೇಕು. ಪುನರ್ನಿರ್ಮಾಣಕ್ಕೆ ಮುಂಚೆ ಇದ್ದ ವೇಗವನ್ನಂತೂ ಎಂದಿಗೂ ಮೀರಕೂಡದು ಎಂದು ಅವು ವಿಧಿಸಿದವು.

ಹೊದಿಕೆ ಬದಲಾದರೂ ಲೆಕ್ಕ ಬದಲಾಗದಿದ್ದರೆ ಏನಾಗುತ್ತದೆಂಬುದಕ್ಕೆ ಮುಂಬಯಿ ನಗರವೇ ಸಾಕ್ಷಿ. ಅಲ್ಲಿನ ಹಳೆಯ ಮಳೆನೀರು ಚರಂಡಿಗಳನ್ನು ಗಂಟೆಗೆ 25 ಮಿಲಿಮೀಟರ್ ಮಳೆಗೆ, 0.5ರ ಗುಣಾಂಕಕ್ಕೆ ರೂಪಿಸಲಾಗಿತ್ತು. ಬಿದ್ದ ಮಳೆಯ ಅರ್ಧಭಾಗವನ್ನು ನೆಲವೇ ಇಟ್ಟುಕೊಳ್ಳುತ್ತದೆಂಬುದು ಅದರ ಅರ್ಥ. ನಗರ ಬೆಳೆದಂತೆ ಆ ಅರ್ಧವನ್ನು ಇಟ್ಟುಕೊಳ್ಳುವ ನೆಲವೇ ಮುಚ್ಚಿಹೋಯಿತು. 1993ರಲ್ಲಿ ಸಿದ್ಧವಾದ ಸುಧಾರಣಾ ಯೋಜನೆಯು ಗಂಟೆಗೆ 50 ಮಿಲಿಮೀಟರ್ ಮಳೆಯನ್ನೂ 1.0ರ ಗುಣಾಂಕವನ್ನೂ ಆಧಾರವಾಗಿಟ್ಟುಕೊಂಡಿತು. ಆದರೆ ಕೆಲಸ ಕುಂಟುತ್ತ ಸಾಗಿತು. ಅಷ್ಟರಲ್ಲಿ 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಅಂಥ ಮಳೆಯನ್ನು ಹೊಸ ಚರಂಡಿಯೂ ತಾಳುತ್ತಿರಲಿಲ್ಲವೆಂಬುದು ನಿಜ. ಆದರೆ ಅದರ ಹತ್ತರಲ್ಲೊಂದು ಪಾಲು ಮಳೆಗೂ ಬೀದಿಗಳು ತುಂಬುತ್ತಿದ್ದವೆಂದರೆ, ಅದಕ್ಕೆ ಆ 0.5 ಎಂಬ ಹಳೆಯ ಅಂಕಿಯೂ ಒಂದು ಕಾರಣ.

ನಮ್ಮ ಬೆಂಗಳೂರಿನ ಸ್ಥಿತಿಯೂ ಇದಕ್ಕೆ ದೂರವಲ್ಲ. ದಿಣ್ಣೆಯ ಮೇಲಿರುವ ಆ ಊರಿನ ಮಳೆನೀರು ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಎಂಬ ಮೂರು ಮುಖ್ಯ ಕಣಿವೆಗಳಿಗೆ ಇಳಿಯುತ್ತದೆ. ಇಳಿಯುವ ದಾರಿಯಲ್ಲಿ ರಾಜಕಾಲುವೆಗಳಿಂದ ಪೋಣಿಸಿದಂತೆ ಕೆರೆಗಳಿದ್ದವು. ಧರ್ಮಾಂಬುಧಿ ಕೆರೆ ಇದ್ದಲ್ಲಿ ಬಸ್ ನಿಲ್ದಾಣವೂ ಸಂಪಂಗಿ ಕೆರೆ ಇದ್ದಲ್ಲಿ ಕ್ರೀಡಾಂಗಣವೂ ಬಂದವು. 2022ರ ಸೆಪ್ಟೆಂಬರ್ 4-5ರ ರಾತ್ರಿ ಸುಮಾರು 130 ಮಿಲಿಮೀಟರ್ ಮಳೆಯಾದಾಗ ನಗರದ ಪೂರ್ವಭಾಗದ ಬಡಾವಣೆಗಳ ನಿವಾಸಿಗಳನ್ನು ದೋಣಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಸಾಗಿಸಬೇಕಾಯಿತು. ಒಂದೊಂದು ನಿವೇಶನವೂ ಹೊರಗೆ ತಳ್ಳಿದ ಸ್ವಲ್ಪಸ್ವಲ್ಪವೇ ಕೂಡಿ ಕಣಿವೆಯ ಪ್ರವಾಹವಾಗುತ್ತದೆ.

ತೂಬು ಮತ್ತು ಕೋಡಿ

ಹೆಚ್ಚಿದ ನೀರನ್ನು ಏನು ಮಾಡಬೇಕು? ಅದಕ್ಕೆ ಉತ್ತರ ನಮ್ಮ ಕೆರೆಕಟ್ಟೆಗಳ ರಚನೆಯಲ್ಲಿಯೇ ಇದೆ. ಕೆರೆಗೆ ಬಂದ ನೀರು ಬಂದಷ್ಟೇ ವೇಗದಲ್ಲಿ ಹೊರಗೆ ಹೋಗುವುದಿಲ್ಲ. ತೂಬು ಅಳತೆಗೆ ತಕ್ಕಷ್ಟನ್ನೇ ಬಿಡುತ್ತದೆ. ಮಿತಿ ಮೀರಿದರೆ ಕೋಡಿ ಹರಿದು ಏರಿಯನ್ನು ಕಾಯುತ್ತದೆ. ನಿವೇಶನದಲ್ಲಿಯೂ ಇದೇ ಕ್ರಮದಲ್ಲಿ ಒಂದು ತಡೆತೊಟ್ಟಿಯನ್ನು ಕಟ್ಟಬಹುದು.

ಮೇಲಿನ ನಿದರ್ಶನದಲ್ಲಿ, ಗಂಟೆಗೆ 60 ಮಿಲಿಮೀಟರಿನ ಮಳೆ ಒಂದು ಗಂಟೆ ಸುರಿದರೂ ಹಳೆಯ 25 ಲೀಟರಿಗಿಂತ ಹೆಚ್ಚು ಹೊರಗೆ ಬಿಡಬಾರದೆಂದರೆ, ತಡೆದಿಡಬೇಕಾದ ನೀರು 91,800 ಲೀಟರ್. ಎಂಟು ಮೀಟರ್ ಉದ್ದ, ಆರು ಮೀಟರ್ ಅಗಲ, ಎರಡು ಮೀಟರ್ ಆಳದ ತೊಟ್ಟಿಗೆ ಅದು ಹಿಡಿಯುತ್ತದೆ. ಮೂಲನೆಲದ ಮಟ್ಟಕ್ಕೇ ಇಳಿಸಬೇಕೆಂದರೆ 1,21,800 ಲೀಟರ್. ಅದೇ ಆಳದಲ್ಲಿ ಎಂಟು ಮೀಟರ್ ಚೌಕದ ತೊಟ್ಟಿ. ಎರಡು ಗುರಿಗಳ ನಡುವಿನ ಅಂತರ ಕೇವಲ 30,000 ಲೀಟರ್. ಹೇಗೂ ಒಂದು ತೊಟ್ಟಿಯನ್ನು ಅಗೆಸುವವರು ಇನ್ನು ಎರಡು ಮೀಟರ್ ಅಗಲವಾಗಿ ಅಗೆಸಿದರೆ ಹಿಂದಿನ ತಲೆಮಾರಿನ ಬಾಕಿಯೂ ತೀರಿದಂತಾಗುತ್ತದೆ. ಅಂಗಳದ ಕೆಳಗೆ ಇಂಥ ತೊಟ್ಟಿಯನ್ನು ಅಡಗಿಸಬಹುದು. ಆಟದ ಮೈದಾನದ ಒಂದು ಭಾಗವನ್ನೇ ಒಂದು ಗೇಣು ತಗ್ಗಾಗಿಟ್ಟು, ಮಳೆ ಬಂದ ಒಂದೆರಡು ಗಂಟೆ ಅಲ್ಲಿ ನೀರು ನಿಲ್ಲುವಂತೆಯೂ ಮಾಡಬಹುದು.

ಇಲ್ಲಿ ಒಂದು ಗೊಂದಲವನ್ನು ನಿವಾರಿಸಬೇಕು. ಬೆಂಗಳೂರು ಜಲಮಂಡಳಿಯ ಕಾಯಿದೆಗೆ 2009ರಲ್ಲಿ ಆದ ತಿದ್ದುಪಡಿಯಿಂದ ಮಳೆನೀರು ಕೊಯ್ಲು ಅಲ್ಲಿ ಕಡ್ಡಾಯವಾಯಿತು. ಈಗ ಅನೇಕ ಊರುಗಳಲ್ಲಿ ಅದು ಪರಿಚಿತವಾಗಿದೆ. ಅದು ಉತ್ತಮವಾದ ಕಾರ್ಯ. ವರ್ಷಕ್ಕೆ 700 ಮಿಲಿಮೀಟರ್ ಮಳೆಯ ಊರಿನಲ್ಲಿ 1,600 ಚದರ ಮೀಟರಿನ ತಾರಸಿಯಿಂದ, ಸೋರಿಕೆ ಪೋಲುಗಳನ್ನು ಕಳೆದರೂ, ಸುಮಾರು 9 ಲಕ್ಷ ಲೀಟರ್ ನೀರು ದೊರೆಯುತ್ತದೆ. ಆದರೆ ಬಳಕೆಗೆಂದು ಕೂಡಿಸುವ ತೊಟ್ಟಿ ತುಂಬಿರಬೇಕು. ಪ್ರವಾಹ ತಡೆಯುವ ತೊಟ್ಟಿ ಬರಿದಾಗಿರಬೇಕು. ತುಂಬಿದ ಕೊಡಕ್ಕೆ ಮತ್ತೆ ನೀರು ಹಿಡಿಸದು. ಒಂದೇ ತೊಟ್ಟಿಯಿಂದ ಎರಡು ಕೆಲಸಗಳನ್ನೂ ಅಪೇಕ್ಷಿಸಿದರೆ ಮಳೆಗಾಲದ ನಡುವೆ, ಅತ್ಯಗತ್ಯವಾದ ದಿನವೇ, ಅದು ಕೈಕೊಡುತ್ತದೆ. ಕೊಯ್ಲಿನ ತೊಟ್ಟಿಯ ಮೇಲ್ಭಾಗದಲ್ಲಿ ತಡೆಗೆಂದು ಬೇರೆ ಜಾಗವನ್ನು ಬಿಟ್ಟು ಅಲ್ಲಿಗೆ ತೂಬನ್ನಿಡಬೇಕು, ಇಲ್ಲವೇ ಎರಡು ತೊಟ್ಟಿಗಳನ್ನು ಕಟ್ಟಬೇಕು.

ಇಂಗುಗುಂಡಿಗಳ ವಿಷಯದಲ್ಲಿಯೂ ಮಣ್ಣನ್ನು ಕೇಳಿ ನಡೆಯಬೇಕು. ಕೆಮ್ಮಣ್ಣಿನ ಸೀಮೆಯಲ್ಲಿ ಸೊಗಸಾಗಿ ಕೆಲಸ ಮಾಡುವ ಗುಂಡಿ ಎರೆಭೂಮಿಯಲ್ಲಿ ವ್ಯರ್ಥವಾಗಬಹುದು. ಬೇಸಗೆಯಲ್ಲಿ ಬಿರುಕು ಬಿಟ್ಟ ಎರೆಮಣ್ಣು ಮೊದಲ ಮಳೆಯನ್ನು ಕುಡಿದು, ಅನಂತರ ಉಬ್ಬಿ, ತನ್ನ ಬಾಯನ್ನು ತಾನೇ ಮುಚ್ಚಿಕೊಳ್ಳುತ್ತದೆ. ಅಂಥಲ್ಲಿ ಅಡಿಪಾಯದ ಮಗ್ಗುಲಲ್ಲೇ ನೀರಿಂಗಿಸಿದರೆ ಗೋಡೆಗಳೇ ಬಿರಿಯುವ ಅಪಾಯವುಂಟು. ಗುಂಡಿ ತೋಡಿ, ನೀರು ತುಂಬಿ, ಗಂಟೆಗೆ ಎಷ್ಟು ಅಂಗುಲ ಇಳಿಯಿತೆಂದು ಅಳೆದ ಮೇಲೆಯೇ ನಿರ್ಧಾರ ಮಾಡತಕ್ಕದ್ದು.

ಕೆಡಹುವ ಮುನ್ನ

ಈ ಎಲ್ಲ ಲೆಕ್ಕಕ್ಕೂ ಆಧಾರವಾದ ಹಳೆಯ ಸ್ಥಿತಿಯನ್ನು, ಹಳೆಯ ಕಟ್ಟಡ ನಿಂತಿರುವಾಗಲೇ ಅಳೆದು ಬರೆದಿಡಬೇಕು. ಗುದ್ದಲಿ ಬಿದ್ದು ನೆಲ ಸಮವಾದ ಮೇಲೆ ಮಾಡೆಷ್ಟಿತ್ತು, ಮಣ್ಣೆಷ್ಟಿತ್ತು, ನೀರು ಯಾವ ಮೂಲೆಯಿಂದ ಯಾವ ಹೊಲಕ್ಕೋ ಗಟಾರಕ್ಕೋ ಹಳೆಯ ಬಾವಿಗೋ ಹೋಗುತ್ತಿತ್ತು ಎಂಬುದಕ್ಕೆ ಸಾಕ್ಷಿಯೇ ಉಳಿಯುವುದಿಲ್ಲ. ಆವರಣದಲ್ಲಿ ಬಹುಕಾಲ ದುಡಿದ ಜವಾನರಿಗೂ ತೋಟಗಾರರಿಗೂ ಇದು ತಿಳಿದಿರುತ್ತದೆ. ಅವರನ್ನು ಕೇಳಿ ನಕ್ಷೆಯಲ್ಲಿ ಗುರುತಿಸಬೇಕು. ಒಂದು ದೊಡ್ಡ ಮಳೆಯ ದಿನ ಕೊಡೆ ಹಿಡಿದು ಆವರಣವನ್ನು ಸುತ್ತಿಬಂದರೆ ನಕ್ಷೆ ತೋರದ ಸಂಗತಿಗಳು ಕಣ್ಣಿಗೆ ಬೀಳುತ್ತವೆ. ಗಣಿತ ಹಾಗೂ ಭೂಗೋಳದ ಉಪಾಧ್ಯಾಯರು ಮನಸ್ಸು ಮಾಡಿದರೆ ವಿದ್ಯಾರ್ಥಿಗಳಿಂದಲೇ ಅಳತೆಪಟ್ಟಿ ಹಿಡಿಸಿ ಈ ಕೆಲಸವನ್ನು ಒಂದು ವಾರದಲ್ಲಿ ಮುಗಿಸಬಹುದು. ಮಕ್ಕಳಿಗೆ ಇದಕ್ಕಿಂತ ಸಾರ್ಥಕವಾದ ಗುಣಾಕಾರದ ಪಾಠ ಯಾವುದಿದ್ದೀತು?

ಮಳೆಯ ಬಿರುಸನ್ನು ಮಾತ್ರ ಊಹೆಯಿಂದ ಹಿಡಿಯಲಾಗದು. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿಗಳವರೆಗೂ ಹರಡಿವೆ. ಹದಿನೈದು ನಿಮಿಷಗಳಿಗೊಮ್ಮೆ ಮಳೆಯ ಲೆಕ್ಕವನ್ನು ಕಳುಹಿಸುತ್ತವೆ. ‘ಹತ್ತು ವರ್ಷಕ್ಕೊಮ್ಮೆ ಬರುವ ಮಳೆ’ ಎಂದು ಎಂಜಿನಿಯರರು ಹೇಳಿದರೆ, ಈ ವರ್ಷ ಬಂದದ್ದು ಇನ್ನು ಹತ್ತು ವರ್ಷ ಬಾರದೆಂದು ಅರ್ಥವಲ್ಲ. ಪ್ರತಿವರ್ಷವೂ ಅದು ಬರುವ ಸಂಭವ ಹತ್ತರಲ್ಲೊಂದು ಎಂದಷ್ಟೇ ಅರ್ಥ. ವಾಯುವಿನ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಸುಮಾರು ನೂರಕ್ಕೆ ಏಳರಷ್ಟು ಹೆಚ್ಚು ತೇವವನ್ನು ಹಿಡಿದಿಡಬಲ್ಲದೆಂದು ಭೌತಶಾಸ್ತ್ರ ಹೇಳುತ್ತದೆ. ಆದ್ದರಿಂದ ಹಿಂದಿನ ಮಳೆಯ ಅಂಕಿಗಳ ಮೇಲೆ ಒಂದಷ್ಟು ಹೆಚ್ಚಳವನ್ನು ಸೇರಿಸಿಕೊಳ್ಳುವುದು ವಿವೇಕ. ಅಷ್ಟಾದರೂ ಲೆಕ್ಕವನ್ನು ಮೀರಿದ ಮಳೆ ಎಂದಾದರೊಮ್ಮೆ ಬಂದೇ ಬರುತ್ತದೆ. ಅಂದು ತೊಟ್ಟಿ ಕೋಡಿಬಿದ್ದ ನೀರು ತರಗತಿಗಳ ಕಡೆಗಾಗಲಿ, ನೆರೆಯವರ ಹೊಸ್ತಿಲಿಗಾಗಲಿ ಹೋಗದಂತೆ ಅದರ ದಾರಿಯನ್ನು ಮೊದಲೇ ಗೊತ್ತುಮಾಡಿರಬೇಕು. ತೂಬಿನ ಬಾಯಿಗೆ ತರಗೆಲೆ ಕಟ್ಟಿದರೆ ಇಡೀ ವ್ಯವಸ್ಥೆ ನಿಷ್ಫಲವಾಗುವುದರಿಂದ, ಮುಂಗಾರಿಗೆ ಮುನ್ನ ಒಮ್ಮೆ, ಹಿಂಗಾರಿಗೆ ಮುನ್ನ ಒಮ್ಮೆ ಹೂಳೆತ್ತುವ ಹೊಣೆಯನ್ನು ಯಾರಿಗಾದರೂ ವಹಿಸಿರಬೇಕು.

ದಾನಿಗಳಲ್ಲಿ ಹಾಗೂ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೆ. ಯಾವ ವಿದ್ಯಾಸಂಸ್ಥೆಯವರೇ ಆಗಲಿ, ಹೊಸ ಕಟ್ಟಡದ ನಕ್ಷೆಯನ್ನು ನಿಮ್ಮ ಮುಂದೆ ಹರವಿದಾಗ, ಕೊಠಡಿಗಳೆಷ್ಟು, ಫಲಕದಲ್ಲಿ ಹೆಸರೆಲ್ಲಿ ಎಂದು ಕೇಳುವುದರೊಡನೆ ಇನ್ನೂ ಕೆಲವನ್ನು ಕೇಳಿರಿ. ಮೂಲನೆಲದಿಂದ, ಇಂದಿನ ಆವರಣದಿಂದ, ನಾಳಿನ ಆವರಣದಿಂದ ಸೆಕೆಂಡಿಗೆ ಎಷ್ಟೆಷ್ಟು ಲೀಟರ್ ನೀರು ಹೊರಬೀಳುತ್ತದೆ? ಹೆಚ್ಚಾದದ್ದನ್ನು ಎಲ್ಲಿ ತಡೆಯುತ್ತೀರಿ? ಮಿತಿ ಮೀರಿದರೆ ಯಾರ ಮನೆಯ ಮುಂದೆ ಹೋಗುತ್ತದೆ? ಉತ್ತರಗಳನ್ನು ಅಂಕಿಗಳಲ್ಲಿ ಬರೆದು ನಕ್ಷೆಯೊಂದಿಗೆ ಕಡತದಲ್ಲಿ ಇಡಿಸಿರಿ. ಮುಂದೆ ಕಟ್ಟುವವರಿಗೆ ‘ಮೊದಲಿನ ಸ್ಥಿತಿ’ ಯಾವುದೆಂಬುದಕ್ಕೆ ಅದೇ ಪ್ರಮಾಣವಾಗುತ್ತದೆ. ಶಾಲೆಯ ಆವರಣದ ಕೆಳಗೆ ವಾಸಿಸುವವರು ಬಹುಮಟ್ಟಿಗೆ ಆ ಶಾಲೆಗೇ ಮಕ್ಕಳನ್ನು ಕಳುಹಿಸುವವರು. ನಮ್ಮ ತಾರಸಿಯ ನೀರು ಅವರ ಅಡಿಗೆಮನೆಗೆ ನುಗ್ಗದಂತೆ ನೋಡಿಕೊಳ್ಳುವುದಕ್ಕೆ ಬೇಕಾದ ವೆಚ್ಚವನ್ನು ಕಟ್ಟಡದ ವೆಚ್ಚದಲ್ಲಿಯೇ ಸೇರಿಸಿ ಎಣಿಸುವುದು ನ್ಯಾಯವೆಂದು ಅರಿಕೆಮಾಡಿ, ಈ ಬರಹವನ್ನು ಮುಗಿಸುತ್ತೇನೆ.